ಸ್ಥಳೀಯ ಹೆಸರು

"ಮೆಲ್ಲಕ ಹಾಕೋ ಆಫ್ತಾಬ, ನೀರು ಮೂಗಿನ್ಯಾಗ ಹೋಗ್ತಾವು," ಎಂದು ಯಾಸೀನ ಗದರಿದ. ಗದರಿದ ಮೇಲೆ, ಅಣ್ಣನ ಮೂಗಿಗೆ ಇನ್ನು ನೀರು ಹೋದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂಬುದು ನೆನಪಾಗಿ ಮುಖ ಆಚೆ ತಿರುಗಿಸಿಕೊಂಡ.

ಆಫ್ತಾಬ ತಂಬಿಗೆಯನ್ನು ತಗ್ಗಿಸಿ ಹಿಡಿದ. ಇಬ್ರಾಹಿಂಪುರದ ಆ ಸಣ್ಣ ಮನೆಯ ಹಿತ್ತಲಿನಲ್ಲಿ ಸುತ್ತ ಚಾದರ ಕಟ್ಟಿ, ಮಸೀದಿಯಿಂದ ತಂದ ಹಲಗೆಯ ಮೇಲೆ ಅವನ ತಂದೆ ಅಬ್ದುಲಸಮದನನ್ನು ಮಲಗಿಸಿದ್ದರು. ಮೈತೊಳೆಯುವ ನೀರಿಗೆ ಬಾರಿಗಿಡದ, ಅಂದರೆ ಬೋರೆಹಣ್ಣಿನ ಗಿಡದ, ಎಲೆ ಹಾಕಿ ಕುದಿಸುವುದು ರೂಢಿ. ಓಣಿಯಲ್ಲಿ ಯಾರೇ ತೀರಿಕೊಂಡರೂ ಎಲೆ ತರುವವನು ಅಬ್ದುಲಸಮದನೇ. ಸುದ್ದಿ ಬಂದ ಕೂಡಲೇ ಹಳೆಯ ಲೂನಾ ಒದ್ದು ಎಲ್ಲಿಗೋ ಹೋಗಿ ಚೀಲ ತುಂಬ ತರುತ್ತಿದ್ದ. ಎಲ್ಲಿಂದ ತರುತ್ತಾನೆಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕೇಳೋಣವೆಂದರೆ ಅವನೇ ಹಲಗೆಯ ಮೇಲಿದ್ದ. ಇಬ್ಬರು ಗಾಡಿ ತೆಗೆದುಕೊಂಡು ಊರು ಸುತ್ತಿ ಬರಿಗೈಯಲ್ಲಿ ಬಂದರು. ಕೊನೆಗೆ ಬಿಸಿನೀರಿಗೆ ಕರ್ಪೂರ ಕದಡಿ ಸುಧಾರಿಸಿದರು.

ತಂದೆಯ ಮೊಳಕಾಲಿನ ಕೆಳಗೆ ಗೀರಿನ ಮೇಲೆ ಗೀರು. ಹಿಮ್ಮಡಿಯ ಚರ್ಮದೊಳಗೆ ಒಂದು ಮುಳ್ಳಿನ ತುದಿ ಕಪ್ಪಗೆ ಕಾಣುತ್ತಿತ್ತು. ಆಫ್ತಾಬ ಉಗುರಿನಿಂದ ಅದನ್ನು ಒತ್ತಿ ನೋಡಿದ.

"ಬಿಡಲೇ ಅದನ್ನ," ಎಂದ ಯಾಸೀನ. "ಮೂವತ್ತು ವರ್ಷ ಮುಳ್ಳಿನ್ಯಾಗ ಅಡ್ಡಾಡಿದಾಂವಗ ಸಿಕ್ಕಿದ್ದು ಅದೊಂದ. ಅದನ್ನೂ ಕಸ್ಕೋಬ್ಯಾಡ."

ಮೂವತ್ತು ವರ್ಷವೆಂದರೆ, ಮೊದಲ ಹನ್ನೊಂದು ವರ್ಷ ಅರಣ್ಯ ಇಲಾಖೆಯ ಸಸಿತೋಟದಲ್ಲಿ ದಿನಗೂಲಿ. ಆಮೇಲಿನ ಹತ್ತೊಂಬತ್ತು ವರ್ಷ, ಕಲ್ಲುಗಣಿಗಳಿಗೆ ಪರವಾನಗಿಯ ಕಾಗದ ಮಾಡಿಕೊಡುವ ಒಂದು ಕಂಪನಿಯಲ್ಲಿ ಗಿಡ ಎಣಿಸುವ ಕೆಲಸ. ಟಿಕೋಟಾ, ಬಬಲೇಶ್ವರ, ಹೊನವಾಡದ ಸುತ್ತ ಎಲ್ಲಿ ದಿಬ್ಬ ಒಡೆಯುವುದಿದ್ದರೂ ಮೊದಲು ಅಲ್ಲಿಗೆ ಹೋಗುವವನು ಅಬ್ದುಲಸಮದ. ಅವನ ಕೆಲಸವೇನೆಂದು ಓಣಿಯವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. "ಗಿಡಾ ಎಣಿಸಾಕ ಪಗಾರ ಕೊಡ್ತಾರೇನೋ ಸಮದ್? ನಮ್ಮ ಮನಿ ಮುಂದಿನ ಬೇವಿನ ಗಿಡಾನೂ ಎಣಿಸ್ಕೋ," ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಆರು ವರ್ಷದ ಹಿಂದೆ ಆ ನಗು ನಿಂತಿತು.

ಚಾದರದ ಆಚೆಯಿಂದ ಸುಗರಾಬಿಯ ದನಿ ಬಂತು. "ಆಫ್ತಾಬ, ಸಾರವಾಡದ ಅಮಸಿದ್ದ ಬಂದನೇನು?"

"ಇಲ್ಲ ಅಮ್ಮಿ. ಅಂವ ಯಾಕ ಬರ್ತಾನ?"

"ಬರ್ತಾನ. ಬೆಳಿಗ್ಗೇನ ಫೋನ್ ಮಾಡಿಸೀನಿ. ಅಂವ ಬರೂತನಕ ಎತ್ತಬ್ಯಾಡ್ರಿ."

"ಮಧ್ಯಾಹ್ನದ ನಮಾಜಿಗೆ ಒಯ್ಯಬೇಕು ಭಾಭಿ," ಎಂದ ಯಾಸೀನ. "ಈ ಬಿಸಿಲಿನ್ಯಾಗ ಮಯ್ಯತ್ ಎಷ್ಟೊತ್ತು ಇಡೂದು?"

ಸುಗರಾಬಿ ಚಾದರಕ್ಕೆ ಹತ್ತಿರ ಸರಿದಳು. ಅಳುತ್ತಿರಲಿಲ್ಲ, ಅಳುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂಬಂತೆ ಮಾತು ನೆಟ್ಟಗಿತ್ತು. "ನಿನ್ನಿ ಸಂಜಿಗೆ ನನ್ನ ಕೈ ಹಿಡದು ಅಂದ್ರು. ಓಣ್ಯಾವ್ರು ಎಲ್ಲಾರೂ ಮಾಫ್ ಮಾಡ್ತಾರ ಸುಗರಾ, ಅಮಸಿದ್ದನ್ನ ಒಬ್ಬನ್ನ ಕೇಳು, ಅಂವ ಮಾಫ್ ಅಂದ್ರ ಸಾಕು ಅಂದ್ರು. ಅದರ ಮುಂದ ಮಾತಾಡ್ಲಿಲ್ಲ. ಈಗ ಹೇಳು ಯಾಸೀನ, ಅಂವ ಬರಲಾರದ ಹೆಂಗ ಎತ್ತೂದು?"

ಯಾಸೀನ ಬಿಳಿ ಬಟ್ಟೆಯ ಗಂಟು ಬಿಚ್ಚತೊಡಗಿದ.

*

ಆರು ವರ್ಷದ ಹಿಂದಿನ ಏಪ್ರಿಲ್. ಸಾರವಾಡದ ಆಚೆ ಕರಿಗಲ್ಲ ದಿಬ್ಬ ಎಂಬ ಅರವತ್ತು ಎಕರೆ ಕುರುಚಲು. ಊರಿನ ಕುರಿಗಳೆಲ್ಲ ಮೇಯುತ್ತಿದ್ದುದು ಅಲ್ಲೇ. ಅದನ್ನು ಒಡೆದು ಜಲ್ಲಿಕಲ್ಲಿನ ಖಡಿ ಮಾಡುವುದಕ್ಕೆ ಒಬ್ಬ ಗುತ್ತಿಗೆದಾರ ಅರ್ಜಿ ಹಾಕಿದ್ದ.

ಕಲ್ಲು ಒಡೆಯುವ ಮೊದಲು ಆ ನೆಲದ ಮೇಲೆ ಏನೇನು ಬೆಳೆದಿದೆ ಎಂದು ಎಣಿಸಿ ಬರೆಯಬೇಕು. ಕಲ್ಲು ತೆಗೆದಾದ ಮೇಲೆ ಬರೆದಿದ್ದನ್ನೇ ಮರಳಿ ಬೆಳೆಸಿಕೊಡಬೇಕು. ಬರೆದದ್ದು ಇತ್ತು, ಬರೆಯದ್ದು ಇರಲಿಲ್ಲ. ಕಾಯಿದೆ ಅಷ್ಟು ಸಸಾರ.

ಅಬ್ದುಲಸಮದ ನಾಲ್ಕು ಕಬ್ಬಿಣದ ಗೂಟ ಬಡಿದು, ಹಗ್ಗ ಎಳೆದು, ಐದು ಮೀಟರಿನ ಚೌಕ ಮಾಡುತ್ತಿದ್ದ. ಚೌಕದೊಳಗಿನ ಒಂದೊಂದು ಗಿಡವನ್ನೂ ಮುಟ್ಟಿ ಎಣಿಸುವುದು, ಹಾಳೆಯಲ್ಲಿ ಬರೆಯುವುದು, ಹಗ್ಗ ಬಿಚ್ಚಿಕೊಂಡು ಮುಂದಿನ ಚೌಕಕ್ಕೆ ಹೋಗುವುದು. ಅಂಥ ಇಪ್ಪತ್ತೆರಡು ಚೌಕ. ಸಸ್ಯಶಾಸ್ತ್ರ ಓದಿದ ಪ್ರಲ್ಹಾದ ಸಾಹೇಬರು ಕೆಳಗೆ ಜೀಪಿನಲ್ಲಿ ಕೂತಿದ್ದರು. ಕಂಪನಿಯ ಜೀಪು ಕೆಟ್ಟಿತ್ತೆಂದು ಆ ದಿನ ಬಾಡಿಗೆಗೆ ತಂದ ಹಸಿರು ಬಣ್ಣದ ಜೀಪು ಅದು. ಸಾಹೇಬರು ಕೆಟ್ಟವರೇನಲ್ಲ, ಆದರೆ ಬಿಸಿಲಿಗೂ ಅವರಿಗೂ ಆಗಿಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಕುರುಚಲಿಗೆ ಎಲೆ ಅಷ್ಟಾಗಿ ಇರುವುದಿಲ್ಲ. ಕಾರಿ, ಕವಳಿ, ಬಾರಿ, ಇಂಗಳಾರ, ಎಲ್ಲ ಒಂದೇ ಬಣ್ಣದ ಒಣಕಡ್ಡಿ. ಸಸಿತೋಟದಲ್ಲಿ ಕೈಯಾಡಿಸಿದ್ದ ಅಬ್ದುಲಸಮದನಿಗೆ ಮುಳ್ಳು ನೋಡಿದರೇ ಅರ್ಧ ತಿಳಿಯುತ್ತಿತ್ತು. ಆದರೆ ಹಾಳೆಯಲ್ಲಿ ಎರಡನೆಯ ಅಂಕಣದ ತಲೆಬರಹ 'ಸ್ಥಳೀಯ ಹೆಸರು' ಎಂದಿತ್ತು. ತನಗೆ ತಿಳಿದದ್ದಲ್ಲ, ಊರವರ ಬಾಯಿಂದ ಬಂದದ್ದನ್ನೇ ಬರೆಯುವುದು ಅವನ ನೇಮ. ಶಹರದಲ್ಲಿ ಹುಟ್ಟಿದ ನನಗೆ ಏನು ಗೊತ್ತು, ನೆಲ ಬಲ್ಲವರು ಹೇಳಲಿ ಎನ್ನುತ್ತಿದ್ದ. ಆ ನೇಮದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಲ್ಲೇ ಕುರಿ ಬಿಟ್ಟುಕೊಂಡು ನಿಂತಿದ್ದ ಅಮಸಿದ್ದನನ್ನು ಕರೆದ. "ಯಜಮಾನ್ರ, ಇದಕ್ಕ ನಿಮ್ಮ ಕಡೆ ಏನಂತೀರಿ?"

ಅಮಸಿದ್ದ ಗಿಡ ನೋಡಲಿಲ್ಲ. ಕೆಳಗೆ ನಿಂತ ಜೀಪನ್ನು ನೋಡಿದ. "ಕಂಟಿ," ಎಂದ.

"ಇದಕ್ಕ?"

"ಅದೂ ಕಂಟಿನ."

"ಇದು ಕವಳಿ ಅಲ್ಲೇನ್ರಿ? ಜೋಡಿ ಮುಳ್ಳು ಅದಾವು."

"ಎಲ್ಲಿ ಕವಳಿ ಹಚ್ಚೀರಿ ಸಾಹೇಬ್ರ, ಇಡೀ ದಿಬ್ಬದ ತುಂಬ ಬರೇ ಕಂಟಿ. ಏನಿಲ್ಲ ಇಲ್ಲಿ."

ಮುಳ್ಳಿರುವ ಯಾವ ಗಿಡಕ್ಕೂ ಈ ಕಡೆ ಕಂಟಿ ಎಂದೇ ಅನ್ನುತ್ತಾರೆ. ಅದು ಹೆಸರೂ ಹೌದು, ಹೆಸರು ಅಲ್ಲದ್ದೂ ಹೌದು. ಅಬ್ದುಲಸಮದ ಪೆನ್ನು ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತ. ಕೆಳಗಿನಿಂದ ಹಾರ್ನ್ ಕೇಳಿಸಿತು. ಇನ್ನೂ ಇಪ್ಪತ್ತೊಂದು ಚೌಕ ಉಳಿದಿದ್ದವು. ತನ್ನ ದುಂಡನೆಯ ಅಕ್ಷರದಲ್ಲಿ 'ಕಂಟಿ' ಎಂದು ಬರೆದ. ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಹಾಳೆಗಳಲ್ಲೂ ಅದೇ ಒಂದು ಮಾತು.

ಆಫೀಸಿನಲ್ಲಿ ಪ್ರಲ್ಹಾದ ಸಾಹೇಬರು ಪುಸ್ತಕ ತಿರುವಿದರು. ಕಂಟಿ ಎಂಬ ಗಿಡ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರಿಗೆ ತಿಳಿದ ಮುಳ್ಳುಕಂಟಿ ಎಂದರೆ ರಸ್ತೆ ಬದಿಯ ಬಳ್ಳಾರಿ ಜಾಲಿ. ಅದನ್ನೇ ಬರೆದು ಸಹಿ ಹಾಕಿದರು. ಬಳ್ಳಾರಿ ಜಾಲಿ, ಒಂದೇ ಜಾತಿ, ಕಳೆ, ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ.

*

ಹನ್ನೊಂದೂವರೆಗೆ ಅದೇ ಪ್ರಲ್ಹಾದ ಸಾಹೇಬರು ಬಂದರು. ಈಗ ನಿವೃತ್ತರು. ಮನೆಯ ಮುಂದೆ ಹಾಕಿದ ಶಾಮಿಯಾನದ ಕೆಳಗೆ ಕುರ್ಚಿಯ ಅಂಚಿನಲ್ಲಿ ಕೂತು, ಯಾಸೀನನ ಕೈ ಹಿಡಿದುಕೊಂಡರು. ಅವರ ಕಣ್ಣು ನಿಜಕ್ಕೂ ತುಂಬಿತ್ತು.

"ಅಂಥಾ ಅಕ್ಷರ ನಮ್ಮ ಆಫೀಸಿನ್ಯಾಗ ಯಾರದೂ ಇರಲಿಲ್ರಿ," ಎಂದರು. "ಆದ್ರ ಆ ಸಾರವಾಡದ ರಿಪೋರ್ಟ್ ಸುಮ್‌ಸುಮ್ಮನ ತಲ್ಯಾಗ ಹಚ್ಚಿಕೊಂಡ ನೋಡ್ರಿ. ನಾ ಎಷ್ಟು ಸರತಿ ಹೇಳೀನಿ. ಸಮದ್, ಸಹಿ ನಂದು, ನಿಂದಲ್ಲ ಅಂತ."

"ಸಹಿ ನಿಮ್ಮದು ಅಂದ್ರ ನಿಮಗ ನಿದ್ದಿ ಬರ್ತದೇನ್ರಿ ಸಾಹೇಬ್ರ?" ಎಂದು ಆಫ್ತಾಬ ಕೇಳಿದ. ಚುಚ್ಚಬೇಕೆಂದು ಕೇಳಿದ್ದಲ್ಲ, ಅವನಿಗೆ ಖರೆಯಾಗಿಯೂ ತಿಳಿಯಬೇಕಿತ್ತು.

ಸಾಹೇಬರು ಕನ್ನಡಕ ಒರೆಸಿಕೊಂಡರು. "ನೂರಾ ಹನ್ನೆರಡು ರಿಪೋರ್ಟಿಗೆ ಸಹಿ ಹಾಕೀನಿ ತಮ್ಮಾ. ಒಂದೊಂದಕ್ಕೂ ನಿದ್ದಿ ಬಿಟ್ರ ಹೆಂಗ? ಫಾರ್ಮ್ ಇದ್ದದ್ದ ಹಂಗ. ಊರಾವ್ರು ಹೇಳಿದ್ದು ಬರೀರಿ ಅಂತ ಇತ್ತು, ಬರದ್ವಿ."

ಯಾಸೀನ ಹನ್ನೆರಡೂವರೆಯ ಬಸ್ಸಿನ ಕಡೆ ಒಬ್ಬರನ್ನು ಕಳಿಸಿದ. ಅಮಸಿದ್ದ ಬಂದನೇ ಎಂದು ಒಳಗಿನಿಂದ ಸುಗರಾಬಿ ಮತ್ತೊಮ್ಮೆ ಕೇಳಿ ಕಳಿಸಿದಳು. ಬಂದಿಲ್ಲ ಎಂದು ಹೇಳಿ ಕಳಿಸಿದರು.

*

ದಿಬ್ಬ ಒಡೆದ ಎರಡನೆಯ ವರ್ಷ ಅಬ್ದುಲಸಮದ ಅಲ್ಲಿಗೆ ಹೋಗಿದ್ದ. ಕೆಲಸದ ಮೇಲೆ ಹೋದದ್ದಲ್ಲ. ಓಣಿಯಲ್ಲೊಂದು ಸಾವಾಗಿತ್ತು, ಬಾರಿಯೆಲೆ ಬೇಕಿತ್ತು. ಇಷ್ಟು ವರ್ಷ ಅವನು ಎಲೆ ಕೀಳುತ್ತಿದ್ದುದು ಅದೇ ದಿಬ್ಬದ ಇಳಿಜಾರಿನಲ್ಲಿ.

ಇಳಿಜಾರು ಇರಲಿಲ್ಲ. ಎರಡು ಆಳು ಆಳದ ಗುಂಡಿ, ತಳದಲ್ಲಿ ಹಸಿರು ನೀರು, ಮೇಲೆ ಖಡಿ ಮಷಿನ್ನಿನ ದೂಳು. ಒಡೆದು ಮುಗಿದ ಒಂದು ಬದಿಯಲ್ಲಿ ಮಣ್ಣು ಸುರಿದು, ಸಾಲಾಗಿ ಗುಣಿ ತೋಡಿ, ಸಸಿ ನೆಟ್ಟಿದ್ದರು. ಪಕ್ಕದ ಫಲಕದಲ್ಲಿ 'ಮೂಲ ಸಸ್ಯವರ್ಗದ ಪುನಶ್ಚೇತನ' ಎಂದಿತ್ತು. ನೆಟ್ಟದ್ದೆಲ್ಲ ಬಳ್ಳಾರಿ ಜಾಲಿ. ಅದನ್ನು ಬೀಜ ಹಾಕಿ ಬೆಳೆಸಿದವರನ್ನು ಈ ಜಿಲ್ಲೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಕಿತ್ತಷ್ಟೂ ಚಿಗುರುವ ಪೀಡೆ ಅದು. ಆದರೆ ಕಾಗದದಲ್ಲಿ ಇದ್ದದ್ದು ಅದೇ. ಗುತ್ತಿಗೆದಾರ ಒಂದು ಅಕ್ಷರ ಆಚೀಚೆ ಆಗದಂತೆ ಕಾಯಿದೆ ಪಾಲಿಸಿದ್ದ.

ಸಸಿಗಳಿಗೆ ಕೊಡದಿಂದ ನೀರು ಹಾಕುತ್ತಿದ್ದ ಆಳು ಅಮಸಿದ್ದ. ಮೇವು ಹೋದ ಮೇಲೆ ಊರಿನವರೆಲ್ಲ ಕುರಿ ಮಾರಿದ್ದರು, ಅವನೂ ಮಾರಿ ಅಲ್ಲಿಯೇ ಕೂಲಿಗೆ ಸೇರಿದ್ದ. ಅಬ್ದುಲಸಮದ ಅವನನ್ನು ಗುರುತು ಹಿಡಿದ. ಲೂನಾ ಬಿಟ್ಟು ಇಳಿದು ಅವನ ಮುಂದೆ ಹೋಗಿ ನಿಂತ.

"ಯಜಮಾನ್ರ, ಅವತ್ತು ನೀವು ಕಂಟಿ ಅಂದ್ರಿ. ನೀವು ಊರಾವ್ರು, ರೂಢಿ ಮಾತು ಆಡಿದ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಬರದೆ. ತಪ್ಪು ನಂದು. ಮಾಫ್ ಮಾಡ್ರಿ."

ಅಮಸಿದ್ದ ಅವನ ಮುಖ ನೋಡಲಿಲ್ಲ. ಕೊಡ ಇಳಿಸಿ ಒಂದು ಚೊಂಬು ನೀರು ಕೊಟ್ಟ. ಅಷ್ಟೇ.

ಆಮೇಲೆಯೂ ಎರಡು ಸಲ ಹೋದ. ಒಂದು ಸಲ ಬಕ್ರೀದ್ ಮುಗಿದ ಮರುದಿನ, ಇನ್ನೊಂದು ಸಲ ಎದೆನೋವು ಶುರುವಾದ ಮೇಲೆ. ಪ್ರತಿ ಸಲವೂ ನೀರು ಸಿಕ್ಕಿತು, ಮಾತು ಸಿಗಲಿಲ್ಲ. ಊರೊಳಗೆ ಮಂದಿ ಅವನನ್ನು ಕಂಡರೆ, "ನಮ್ಮ ದಿಬ್ಬಾ ತಿಂದ ಸರ್ವೇದಾಂವ ಬಂದ ನೋಡ್ರಿ," ಎಂದು ಕೇಳುವಂತೆಯೇ ಅನ್ನುತ್ತಿದ್ದರು. ಕಂಟಿ ಎಂಬ ಮಾತು ಯಾರ ಬಾಯಿಂದ ಬಂತೆಂದು ಅಬ್ದುಲಸಮದ ಅಲ್ಲಿ ಒಬ್ಬರಿಗೂ ಹೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಊರು ಎಂದಮೇಲೆ ಅಮಸಿದ್ದ ಅಲ್ಲೇ ಬಾಳಬೇಕಲ್ಲ ಎಂದು ಅವನ ಲೆಕ್ಕ. ಮನೆಗೆ ಬಂದು, "ಇವತ್ತೂ ಅನ್ನಲಿಲ್ಲ ಸುಗರಾ," ಎಂದಷ್ಟೇ ಹೇಳಿ ಊಟದ ತಾಟು ದೂಡುತ್ತಿದ್ದ. ನಿದ್ದೆ ಹೋಯಿತು, ಆಮೇಲೆ ಕೆಲಸ ಹೋಯಿತು. ಸುಗರಾಬಿ ಹಕೀಮರನ್ನೂ ಡಾಕ್ಟರರನ್ನೂ ಕಂಡಳು. ಒಬ್ಬ ಕುರುಬನ ಬಾಯಲ್ಲಿರುವ ಒಂದು ಮಾತೇ ಔಷಧವೆಂದು ಅವಳಿಗೆ ಗೊತ್ತಿತ್ತು, ತರಿಸಿಕೊಡುವ ದಾರಿ ಗೊತ್ತಿರಲಿಲ್ಲ.

*

ಒಂದು ಗಂಟೆಗೆ ಅಮಸಿದ್ದ ಬಂದ. ಬಸ್ ತಪ್ಪಿ ಟ್ರ್ಯಾಕ್ಟರಿನಲ್ಲಿ ಬಂದಿದ್ದನಂತೆ, ಹುಬ್ಬಿನವರೆಗೂ ದೂಳು. ಶಾಮಿಯಾನದ ಕಂಬದ ಹತ್ತಿರ ಚಪ್ಪಲಿ ಬಿಟ್ಟು, ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ಬಂದಾನ, ಬಂದಾನ," ಎಂದು ಮಾತು ಒಳಗೆ ಹೋಯಿತು. ಬಾಗಿಲಿನ ಪರದೆಯ ಹಿಂದೆ ಹೆಂಗಸರ ಗುಸುಗುಸು ನಿಂತಿತು.

ಶವ ಮಲಗಿಸಿದ ಜನಾಜವನ್ನು ಮನೆಯ ಮುಂದೆ ಇಳಿಸಿದ್ದರು. ಎತ್ತುವ ಮೊದಲು ಮಗನಾದವನು ಸೇರಿದವರನ್ನು ಕೇಳಬೇಕು. ಆಫ್ತಾಬನ ದನಿ ಎರಡು ಸಲ ಒಡೆಯಿತು.

"ನಮ್ಮಬ್ಬಾರಿಂದ ಯಾರಿಗಾದ್ರೂ ಮಾತಿನಿಂದ, ಕೈಯಿಂದ ನೋವಾಗಿದ್ರ, ತಪ್ಪಾಗಿದ್ರ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ."

"ಮಾಫ್, ಮಾಫ್," ಎಂದರು ಓಣಿಯವರು. ಪ್ರಲ್ಹಾದ ಸಾಹೇಬರೂ ಕೈ ಮುಗಿದು, "ಮಾಫ್ ಅಪ್ಪಾ, ನಮ್ಮದೇನೈತಿ," ಎಂದರು. ಆಮೇಲೆ ಎಲ್ಲರ ಕಣ್ಣು ಒಬ್ಬನ ಮೇಲೆ ನಿಂತಿತು.

ಅಮಸಿದ್ದ ಕೈಯಲ್ಲಿದ್ದ ರುಮಾಲನ್ನು ನೋಡುತ್ತಾ ನಿಂತ.

"ಅಣ್ಣಾ," ಎಂದ ಆಫ್ತಾಬ. "ಒಂದು ಮಾತು. ನಿಮ್ಮ ಕಾಲಿಗೆ ಬೀಳ್ತೀನಿ."

ಅಮಸಿದ್ದ ತಲೆ ಅಲ್ಲಾಡಿಸಿದ. "ನನಗ ಅನ್ನಾಕ ಬರೂದಿಲ್ರಿ," ಎಂದ. ದನಿ ಮುಂದಿನ ಸಾಲಿಗಷ್ಟೇ ಕೇಳಿಸಿತು, ಆದರೆ ಅಷ್ಟು ಸಾಕಾಯಿತು. ಯಾರೋ, "ಎಂಥಾ ಕಲ್ಲೆದಿ ಇವಂದು," ಎಂದರು. ಯಾಸೀನನ ಕೈ ಮುಷ್ಟಿಯಾಯಿತು. ಅಷ್ಟರಲ್ಲಿ ಇಮಾಮರು ಹೊತ್ತಾಯಿತೆಂದು ಸನ್ನೆ ಮಾಡಿದರು. ನಾಲ್ಕು ಹೆಗಲು ಬಾಗಿದವು. ಪರದೆಯ ಹಿಂದಿನಿಂದ ಸುಗರಾಬಿ, "ಹಂಗ ಒಯ್ಯಬ್ಯಾಡ್ರೋ, ಹಂಗ ಒಯ್ಯಬ್ಯಾಡ್ರೋ," ಎಂದು ಬೆಳಿಗ್ಗೆಯಿಂದ ತಡೆದಿಟ್ಟ ಅಳುವನ್ನೆಲ್ಲ ಒಮ್ಮೆಲೇ ಬಿಟ್ಟಳು. ಅಬ್ದುಲಸಮದ ಹಾಗೆಯೇ ಹೋದ.

ಗಂಡಸರೆಲ್ಲ ಖಬರಸ್ತಾನದ ಕಡೆ ನಡೆದರು. ಅಮಸಿದ್ದ ಅವರ ಹಿಂದೆ ಹತ್ತು ಹೆಜ್ಜೆ ಹೋಗಿ, ನಿಂತು, ಮರಳಿ ಬಂದ. ಪರದೆಯ ಮುಂದೆ ಬಂದು ಕೆಮ್ಮಿದ.

"ಅಕ್ಕಾರ."

ಪರದೆಯ ಕೆಳಗೆ ಸುಗರಾಬಿಯ ಪಾದಗಳು ಕಂಡವು. "ಈಗ ಯಾಕ ಬಂದೀರಿ ಅಣ್ಣಾ? ಅವ್ರು ಹೋದ್ರಲ್ಲ. ಈಗ ಅಂದ್ರೂ ದೇವ್ರಿಗೆ ಕೇಳಸ್ತೈತಿ, ಅನ್ನ್ರಿ. ಇಲ್ಲೇ ಅನ್ನ್ರಿ, ಸಾಕು."

"ನಾ ಅನ್ನೂದಲ್ರಿ ಅಕ್ಕಾರ. ನಾ ಸಿಟ್ಟಿಲೆ ಬಾಯಿ ಮುಚ್ಚಿಕೊಂಡಿದ್ದಲ್ಲ." ರುಮಾಲನ್ನು ಹಿಂಡುತ್ತಾ ನಿಂತ. "ಅವತ್ತು ದಿಬ್ಬದ ಮ್ಯಾಲ ಕಂಟಿ ಅಂದಾಂವ ನಾನ. ಸಾಹೇಬ್ರು ಕೇಳಿದ್ರು, ಇದು ಕವಳಿ ಅಲ್ಲೇನು ಅಂತ. ಕವಳಿನ ಇತ್ತು. ಬಾರಿ ಇತ್ತು, ಕಾರಿ ಇತ್ತು, ನಮ್ಮಜ್ಜ ಹೆಸರಿಟ್ಟ ಗಿಡಾ ಇದ್ದೂವು. ಎಲ್ಲಾ ಗೊತ್ತಿತ್ತು ನನಗ. ಹಸರ ಜೀಪ್ ನೋಡಿ ಅರಣ್ಯ ಇಲಾಖೆಯವ್ರು ಅನ್ಕೊಂಡೆ. ಚಲೋ ಗಿಡಾ ಅದಾವು ಅಂದ್ರ ತಂತಿ ಬಡದು ಕುರಿ ಬಂದ್ ಮಾಡ್ತಾರು ಅಂತ ಹೆದರಿಕಿ. ಏನೂ ಇಲ್ಲ ಅಂದ್ರ ಬಿಟ್ಟು ಹೋಗ್ತಾರು ಅಂತ..."

ಪಾದಗಳು ಅಲ್ಲಾಡಲಿಲ್ಲ.

"ಅವ್ರು ನಾ ರೂಢಿಲೆ ಅಂದೆ ಅಂತ ತಿಳದ್ರು. ರೂಢಿಲೆ ಅಲ್ರಿ, ಸುಳ್ಳ ಹೇಳಿದ್ದೆ. ಮೂರು ಸರತಿ ಬಂದು ನನ್ನ ಮುಂದ ಕೈ ಮುಗದ್ರು. ನಾ ಮಾಫ್ ಅನ್ನಾಕ ಯಾವಾಂವ? ಖರೆ ಹೇಳಿದ್ರ ಊರು ನನ್ನ ಹುಗೀತಿತ್ತು. ಊರು ಅವರನ್ನ ಬೈತಿತ್ತು, ಬೈಲಿ ಅಂತ ಬಿಟ್ಟೆ."

"ಆರು ವರ್ಷ ಅವ್ರು ನಿದ್ದಿ ಮಾಡಲಿಲ್ಲ."

"ಹೌದ್ರಿ."

"ಇದನ್ನ ಮೊದಲನೇ ಸರತಿ ಬಂದಾಗ ಹೇಳಿದ್ರ ಆಗ್ತಿತ್ತು. ಮೂರನೇ ಸರತಿಗೆ ಹೇಳಿದ್ರೂ ಆಗ್ತಿತ್ತು. ನಿನ್ನಿ ಹೇಳಿದ್ರೂ ಆಗ್ತಿತ್ತು."

"ಹೌದ್ರಿ ಅಕ್ಕಾರ." ಅಮಸಿದ್ದ ಹೊಸ್ತಿಲಿನ ಮುಂದೆ ಮಂಡಿಯೂರಿದ. "ನಿಮ್ಮಾಗ ಇದ್ದಾವ್ರು ಸತ್ತಾವ್ರಿಗೆ ಮಾಫ್ ಅಂತೀರಿ. ಸತ್ತಾವ್ರ ಕಡಿಂದ ಅನ್ನಾವ್ರು ಯಾರು? ಅವ್ರ ಬದಲಿ ನೀವ ಅನ್ನ್ರಿ. ಒಂದ ಮಾತು."

ಸುಗರಾಬಿಯ ಉಸಿರು ಕೇಳಿಸಿತು. ಅವಳ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಎರಡೇ ಅಕ್ಷರದ ಮಾತು, ಬೆಳಿಗ್ಗೆಯಿಂದ ಅದನ್ನೇ ಜಪಿಸಿದವಳು ಅವಳು. ಊಟದ ತಾಟು ದೂಡಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ ಗಂಡನ ಬೆನ್ನು ಅವಳ ಕಣ್ಣ ಮುಂದೆ ಬಂತು. ಪರದೆಯ ಕೆಳಗಿನ ಪಾದಗಳು ಮೆಲ್ಲಗೆ ತಿರುಗಿದವು, ಹಿಮ್ಮಡಿ ಕಂಡಿತು, ಆಮೇಲೆ ಬರಿಯ ನೆಲ.

ಮಣ್ಣು ಕೊಟ್ಟು ಗಂಡಸರು ಮರಳುವ ಹೊತ್ತಿಗೆ ಶಾಮಿಯಾನದವರು ಬೇರೆ ಕಡೆ ಮದುವೆಯಿದೆಯೆಂದು ಬಟ್ಟೆ ಬಿಚ್ಚಿದ್ದರು. ಬಾಗಿಲಲ್ಲಿ ಮಂಡಿಯೂರಿದ ಅಮಸಿದ್ದನನ್ನು ಕಂಡು ಆಫ್ತಾಬನ ಮುಖ ಅರಳಿತು. ಯಾಸೀನನ ತೋಳು ಹಿಡಿದು, "ಕಾಕಾ, ಮಾಫ್ ಅಂದಾನ ನೋಡ್ರಿ, ಕಡೀಕ ಅಮ್ಮಿ ಮುಂದ ಅಂದಾನ," ಎಂದು ಓಡುತ್ತಾ ಬಂದು ಅವನ ಹೆಗಲು ಮುಟ್ಟಿದ. ಅಮಸಿದ್ದ ಕಣ್ಣು ಎತ್ತಲಿಲ್ಲ. ಏಪ್ರಿಲ್ಲಿನ ಬಿಸಿಲು ಅವನ ಬೋಳು ತಲೆಯ ಮೇಲೆ ಸುರಿಯುತ್ತಿತ್ತು. ಪರದೆಯ ಒಳಗೆ ಹೆಂಗಸರು ಕಲಿಮಾ ಓದುತ್ತಾ, ಸಲಕ್ಕೊಂದರಂತೆ ಹುಣಸೆಬೀಜವನ್ನು ತಾಟಿಗೆ ಹಾಕುತ್ತಿದ್ದರು. ಹೊರಗಿನವರಿಗೆ ಕೇಳಿಸುತ್ತಿದ್ದುದು ಆ ಬೀಜ ಬೀಳುವ ಸದ್ದೊಂದೇ.